50 ವ್ಯಾಟ್ ಆಂಪ್‌ಗೆ 50 ವ್ಯಾಟ್ ಅಟೆನ್ಯುಯೇಟರ್ ತಗೋಬೇಡಿ

ನನ್ನ ಗಿಟಾರ್‌ನ ಟ್ಯೂಬ್ ಆಂಪ್ (ಗಾಜಿನ ಟ್ಯೂಬ್‌ಗಳಿಂದ ಶಬ್ದ ಹೆಚ್ಚಿಸುವ ಆಂಪ್ಲಿಫೈಯರ್) ಒಳಗೆ, ಟ್ಯೂಬ್‌ಗಳಿಂದ ಸ್ಪೀಕರ್‌ಗೆ ಶಕ್ತಿ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಆಂಪ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಆಂಪ್‌ಗೂ ಸ್ಪೀಕರ್‌ಗೂ ನಡುವೆ ನಾನು ಜೋಡಿಸಿದ್ದ ಅಟೆನ್ಯುಯೇಟರ್ ಮೊದಲು ಸತ್ತಿತು, ಅದರ ಹಿಂದೆಯೇ ಆಂಪ್ ಕೂಡ ಹೋಯಿತು. ಅಟೆನ್ಯುಯೇಟರ್ ಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಆಂಪ್ 50 ವ್ಯಾಟ್‌ನದು. ಎರಡು ಇಎಲ್34 ಟ್ಯೂಬ್, ಒಟ್ಟು ಸದ್ದನ್ನು ಬೇರೆಯಾಗಿ ತಗ್ಗಿಸುವ ಮಾಸ್ಟರ್ ವಾಲ್ಯೂಮ್ ಇಲ್ಲ. ವಾಲ್ಯೂಮ್ 3ರಲ್ಲಿ ಇಟ್ಟರೆ ಶಬ್ದಕ್ಕೆ ಜೀವವೇ ಇರುವುದಿಲ್ಲ. 7 ದಾಟಿದ ಮೇಲೆ ಒಂದೊಂದು ಸ್ವರವೂ ತುಂಬಿಕೊಂಡು ಬರುತ್ತದೆ. ಆದರೆ ಅಷ್ಟು ಜೋರಿನಲ್ಲಿ ಮನೆಯೊಳಗೆ ನುಡಿಸಲು ಸಾಧ್ಯವೇ ಇಲ್ಲ. ಆಂಪ್‌ನ ವಾಲ್ಯೂಮ್ ಪೂರ್ತಿ ತೆರೆದು, ಸ್ಪೀಕರ್‌ಗೆ ಹೋಗುವ ಶಕ್ತಿಯನ್ನು ಮಾತ್ರ ತಗ್ಗಿಸುವುದೇ ಅಟೆನ್ಯುಯೇಟರ್ ಕೆಲಸ ಅಂತ ತಿಳಿದು ಒಂದನ್ನು ಹುಡುಕಿದೆ.

ಸಿಕ್ಕಿದ್ದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಡಬ್ಬಿ. ಒಂದು ನಾಬ್, ಎರಡು ಜ್ಯಾಕ್. ಮೇಲೆ "50 ವ್ಯಾಟ್, 8 ಓಮ್" ಅಂತ ಬರೆದಿತ್ತು (ಓಮ್ ಅಂದರೆ ಕರೆಂಟ್ ಹರಿವಿಗೆ ಇರುವ ತಡೆಯ ಅಳತೆ). ಆಂಪ್ 50, ಡಬ್ಬಿ 50. ಆಂಪ್ 8 ಓಮ್, ಸ್ಪೀಕರ್ ಕೂಡ 8 ಓಮ್. ಎಲ್ಲಾ ಸರಿಹೊಂದಿತಲ್ಲ ಅಂತ ತಗೊಂಡುಬಿಟ್ಟೆ. ಓಮ್ ವಿಷಯದಲ್ಲಿ ನಾನು ಸರಿಯಾಗಿಯೇ ಇದ್ದೆ. ತಪ್ಪಿದ್ದು ವ್ಯಾಟ್ ವಿಷಯದಲ್ಲಿ.

ಮೊದಲ ಕೆಲವು ದಿನ ಹತ್ತು ಹದಿನೈದು ನಿಮಿಷ ನುಡಿಸಿ ನಿಲ್ಲಿಸುತ್ತಿದ್ದೆ. ಡಬ್ಬಿ ಬಿಸಿಯಾಗುತ್ತಿತ್ತು. ಅಟೆನ್ಯುಯೇಟರ್ ಅಂದರೆ ಬಿಸಿಯಾಗಲೇಬೇಕು ಅಂತ ಓದಿದ್ದರಿಂದ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ದಿನ ಬಿಡುವಿತ್ತು. ವಾಲ್ಯೂಮ್ 8ಕ್ಕೆ ಏರಿಸಿ, ಡಬ್ಬಿಯ ನಾಬ್ ಪೂರ್ತಿ ತಗ್ಗಿಸಿ ಕೂತೆ. ಮುಕ್ಕಾಲು ಗಂಟೆ ಕಳೆದಿರಬೇಕು. ಸುಟ್ಟ ವಾರ್ನಿಷ್‌ನಂಥ ವಾಸನೆ ಬಂತು. ಅದೇ ಹೊತ್ತಿಗೆ ಶಬ್ದ ತೆಳ್ಳಗಾಗಿ ನಿಂತೇ ಹೋಯಿತು.

ಆಗ ನಾನು ಮಾಡಿದ್ದನ್ನು ನೀವು ಯಾವತ್ತೂ ಮಾಡಬೇಡಿ. ಕೇಬಲ್ ಸಡಿಲವಾಗಿರಬೇಕು ಅಂದುಕೊಂಡು ಆಂಪ್ ವಾಲ್ಯೂಮ್ ಇನ್ನೂ ಏರಿಸಿದೆ. ಗಿಟಾರ್ ತಂತಿಗಳನ್ನು ನಾಲ್ಕೈದು ಸಲ ಜೋರಾಗಿ ಮೀಟಿ ನೋಡಿದೆ. ಆಂಪ್ ಒಳಗಿಂದ ಚಟ್ ಅಂತ ಒಂದು ಸದ್ದು, ಹಿಂದೆ ನೀಲಿ ಮಿಂಚು. ಆಮೇಲೆ ಫ್ಯೂಸ್ ಹೋಯಿತು.

ರಿಪೇರಿ ಮಾಡುವವರು ಎರಡನ್ನೂ ಬಿಚ್ಚಿ ತೋರಿಸಿದರು. ಡಬ್ಬಿಯಲ್ಲಿದ್ದ ರೆಸಿಸ್ಟರ್ (ಶಕ್ತಿಯನ್ನು ಶಾಖವಾಗಿಸುವ ಭಾಗ) ಒಳಗೇ ತುಂಡಾಗಿತ್ತು. ಆಂಪ್‌ನಲ್ಲಿ ಒಂದು ಟ್ಯೂಬ್ ಸಾಕೆಟ್ ಕರಕಲಾಗಿತ್ತು, ಟ್ರಾನ್ಸ್‌ಫಾರ್ಮರ್‌ನ ಒಳಸುತ್ತು ಶಾರ್ಟ್ ಆಗಿತ್ತು. ಸಾಕೆಟ್ ಒರೆಸಿ ಮತ್ತೆ ಹಾಕಲು ಆಗುವುದಿಲ್ಲವಂತೆ. ಕರಕಲಾದ ಜಾಗದಲ್ಲಿ ಕರೆಂಟ್ ಹರಿಯುತ್ತದೆ, ಬದಲಾಯಿಸಲೇಬೇಕು.

ಆಂಪ್ ಮೇಲೆ ಬರೆದ 50 ವ್ಯಾಟ್ ಅಂದರೆ ಶಬ್ದ ಒಡೆಯದೆ ಸ್ವಚ್ಛವಾಗಿ ಕೊಡಬಲ್ಲ ಶಕ್ತಿ. ಆಂಪ್ ಪೂರ್ತಿ ತೆರೆದಾಗ ಶಬ್ದದ ಅಲೆಯ ತಲೆ ಚಪ್ಪಟೆಯಾಗಿ ಚೌಕಾಕಾರಕ್ಕೆ ಬರುತ್ತದೆ. ಪೂರ್ತಿ ಚೌಕವಾದ ಅಲೆಯಲ್ಲಿ ಲೆಕ್ಕದ ಪ್ರಕಾರ ಅದೇ ಎತ್ತರದ ದುಂಡು ಅಲೆಯ ಎರಡು ಪಟ್ಟು ಶಕ್ತಿ ಇರುತ್ತದೆ. ಆಂಪ್‌ನ ಪವರ್ ಸಪ್ಲೈ ಸ್ವಲ್ಪ ಕುಸಿಯುವುದರಿಂದ ನಿಜದಲ್ಲಿ ಅಷ್ಟು ಬರುವುದಿಲ್ಲ. ಆದರೂ 50ರ ಆಂಪ್ 70, 80 ವ್ಯಾಟ್ ಕೊಡುವುದು ವಿಶೇಷವೇನಲ್ಲ. ಅಟೆನ್ಯುಯೇಟರ್ ಇಡುವುದೇ ಆಂಪನ್ನು ಪೂರ್ತಿ ತೆರೆಯಲು, ಅಲ್ವಾ? ಅಂದರೆ ಅದು ಯಾವಾಗಲೂ ಹೊರಬೇಕಾದದ್ದು ಈ ಹೆಚ್ಚಿನ ಸಂಖ್ಯೆಯನ್ನೇ.

ಶಬ್ದವನ್ನು 20 ಡೆಸಿಬೆಲ್ ತಗ್ಗಿಸಿದರೆ ಸ್ಪೀಕರ್‌ಗೆ ಹೋಗುವುದು ನೂರರಲ್ಲಿ ಒಂದು ಪಾಲು ಮಾತ್ರ. ಉಳಿದ 99 ಪಾಲು ಡಬ್ಬಿಯೊಳಗೇ ಶಾಖವಾಗಬೇಕು. ಮಾಮೂಲಿ ಸೋಲ್ಡರಿಂಗ್ ಐರನ್ 25ರಿಂದ 40 ವ್ಯಾಟ್ ಇರುತ್ತದೆ. ಅಂಥ ಎರಡನ್ನು ಒಂದು ಸಣ್ಣ ಮುಚ್ಚಿದ ಡಬ್ಬಿಯೊಳಗೆ ಮುಕ್ಕಾಲು ಗಂಟೆ ಉರಿಸಿದ ಹಾಗಾಯಿತು ನನ್ನ ಕೆಲಸ.

ನನಗೆ ತುಂಬಾ ಬೇಸರವಾದದ್ದು ಮುಂದಿನ ಮಾತು ಕೇಳಿ. ಆ ರೆಸಿಸ್ಟರ್ ಮೇಲೆ ನಿಜವಾಗಿಯೂ 50 ವ್ಯಾಟ್ ಅಂತಲೇ ಇತ್ತು. ಆದರೆ ಅಲ್ಯೂಮಿನಿಯಂ ಕವಚದ ಇಂಥ ರೆಸಿಸ್ಟರ್‌ಗೆ ಕೊಡುವ ವ್ಯಾಟ್, ಅದನ್ನು ದೊಡ್ಡ ಹೀಟ್‌ಸಿಂಕ್‌ಗೆ (ಶಾಖ ಹೀರಿ ಗಾಳಿಗೆ ಬಿಡುವ ಲೋಹದ ತುಂಡಿಗೆ) ಬಿಗಿದಾಗಿನ ಲೆಕ್ಕ. ಬರೀ ಗಾಳಿಯಲ್ಲಿ ಬಿಟ್ಟರೆ ಅದರ ಅರ್ಧವನ್ನೂ ತಾಳುವುದಿಲ್ಲ. ನನ್ನ ಡಬ್ಬಿಯಲ್ಲಿ ಹೀಟ್‌ಸಿಂಕೇ ಇರಲಿಲ್ಲ, ಗಾಳಿಯಾಡಲು ಒಂದು ತೂತೂ ಇರಲಿಲ್ಲ. ಇಂಥದ್ದರ ಮೇಲೆ 50 ವ್ಯಾಟ್ ಅಂತ ಬರೆದು ಮಾರುವುದು ಮೋಸ ಅಂತಲೇ ನಾನು ಹೇಳುತ್ತೇನೆ.

ಡಬ್ಬಿ ಸತ್ತರೆ ಆಂಪ್ ಯಾಕೆ ಸಾಯಬೇಕು? ಟ್ರಾನ್ಸಿಸ್ಟರ್ ಆಂಪ್ ಸ್ಪೀಕರ್ ಇಲ್ಲದೆ ಸುಮ್ನೆ ಓಡುತ್ತದೆ, ಅದಕ್ಕೆ ಶಾರ್ಟ್ ಆದರೆ ಭಯ. ಟ್ಯೂಬ್ ಆಂಪ್ ಇದಕ್ಕೆ ತದ್ವಿರುದ್ಧ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ತುಂಬಿದ ಶಕ್ತಿ ಸ್ಪೀಕರ್ ಕಡೆ ಹೋಗಲು ದಾರಿ ಇಲ್ಲದಿದ್ದರೆ ಟ್ಯೂಬ್ ಕಡೆಗೇ ಏರುತ್ತದೆ. ಸಾಮಾನ್ಯವಾಗಿ 400 ವೋಲ್ಟ್ ಆಸುಪಾಸು ಇರುವ ಜಾಗದಲ್ಲಿ ಸಾವಿರಾರು ವೋಲ್ಟ್ ಹುಟ್ಟಿ, ಸಾಕೆಟ್‌ನ ಪಿನ್‌ಗಳ ನಡುವೆ ಕಿಡಿ ಹಾರುತ್ತದೆ. ಫ್ಯೂಸ್ ಕರಗುವ ಮುಂಚೆಯೇ ಅನಾಹುತ ಆಗಿಹೋಗಿರುತ್ತದೆ. ರೆಸಿಸ್ಟರ್ ತುಂಡಾದ ಕ್ಷಣದಲ್ಲಿ ನನ್ನ ಆಂಪ್‌ಗೆ ಲೋಡೇ, ಅಂದರೆ ಅದರ ಶಕ್ತಿ ಹೀರುವ ಸ್ಪೀಕರೋ ರೆಸಿಸ್ಟರೋ, ಇರಲಿಲ್ಲ. ಆಗಲೇ ನಾನು ವಾಲ್ಯೂಮ್ ಏರಿಸಿದ್ದು. ತಕ್ಷಣ ಆಂಪನ್ನು ಸ್ಟ್ಯಾಂಡ್‌ಬೈಗೆ (ಟ್ಯೂಬ್ ಬಿಸಿ ಇದ್ದರೂ ಶಬ್ದ ಬಾರದ ಸ್ಥಿತಿಗೆ) ಹಾಕಿದ್ದರೆ ಟ್ರಾನ್ಸ್‌ಫಾರ್ಮರ್ ಉಳಿಯುತ್ತಿತ್ತೇನೋ ಅಂತ ಈಗಲೂ ಅನ್ನಿಸುತ್ತದೆ.

ಈಗ ನನ್ನ ಹತ್ತಿರ ಇರುವುದು 100 ವ್ಯಾಟ್‌ನದು. ಫ್ಯಾನ್ ಇದೆ, ಎತ್ತಿದರೆ ಕೈಗೆ ಭಾರ ಗೊತ್ತಾಗುತ್ತದೆ. ಆಂಪ್‌ನ ಎರಡು ಪಟ್ಟು ತಾಳುವುದಕ್ಕಿಂತ ಕಡಿಮೆಯದ್ದನ್ನು ನಾನು ಇನ್ನು ಮುಟ್ಟುವುದಿಲ್ಲ. ಇದು ರಿಯಾಕ್ಟಿವ್ ಬಗೆಯದು. ಹಳೆಯದರಲ್ಲಿ ಶಬ್ದ ಮಂಕಾಗುತ್ತಿದ್ದುದಕ್ಕೂ ಕಾರಣ ಇತ್ತು. ನಿಜವಾದ 8 ಓಮ್ ಸ್ಪೀಕರ್ ಎಲ್ಲಾ ಸ್ವರಕ್ಕೂ 8 ಓಮ್ ಇರುವುದಿಲ್ಲ. 75ರಿಂದ 100 ಹರ್ಟ್ಸ್ ಆಸುಪಾಸಿನಲ್ಲಿ 30 ಓಮ್ ದಾಟುವುದುಂಟು, ಮೇಲಿನ ಸ್ವರಗಳಲ್ಲೂ ಏರುತ್ತದೆ. ಬರೀ ರೆಸಿಸ್ಟರ್‌ಗೆ ಈ ಏರಿಳಿತ ಇಲ್ಲ. ರಿಯಾಕ್ಟಿವ್ ಲೋಡ್ ಅದನ್ನು ಅನುಕರಿಸುತ್ತದೆ.

ಹಾಗಂತ ಎಷ್ಟು ಒಳ್ಳೆಯದನ್ನು ತಂದರೂ ಪಿಸುಮಾತಿನ ಮಟ್ಟದಲ್ಲಿ ಅದೇ ಶಬ್ದ ಸಿಗುವುದಿಲ್ಲ. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೇ ಬೇಸ್ ಕಡಿಮೆ ಕೇಳಿಸುತ್ತದೆ. 50 ವ್ಯಾಟನ್ನು 5ಕ್ಕೆ ಇಳಿಸಿದರೂ ಕಿವಿಗೆ ಸುಮಾರು ಅರ್ಧದಷ್ಟೇ ಕಡಿಮೆ ಅನ್ನಿಸುತ್ತದೆ, ಅದು ಮನೆಗೆ ಇನ್ನೂ ಜಾಸ್ತಿಯೇ. ರಾತ್ರಿ ಹೊತ್ತು ಮಾತ್ರ ನುಡಿಸುವವರಿಗೆ ಚಿಕ್ಕ ಆಂಪೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಎಫೆಕ್ಟ್ಸ್ ಲೂಪ್‌ಗೆ (ಎಫೆಕ್ಟ್ ಪೆಡಲ್ ಜೋಡಿಸಲು ಆಂಪ್ ಹಿಂದೆ ಇರುವ ಜ್ಯಾಕ್‌ಗಳಿಗೆ) ಹಾಕುವ ಚಿಕ್ಕ ವಾಲ್ಯೂಮ್ ಡಬ್ಬಿಗಳನ್ನೂ ಅಟೆನ್ಯುಯೇಟರ್ ಅಂತ ಮಾರುತ್ತಾರೆ. ಅವುಗಳ ಕೆಲಸವೇ ಬೇರೆ. ಅವನ್ನು ಸ್ಪೀಕರ್ ಜ್ಯಾಕ್‌ಗೆ ಹಾಕಿದರೆ ನನಗಾದ ಗತಿಯೇ ಆಗುತ್ತದೆ.

ಆಂಪ್‌ನಿಂದ ಅಟೆನ್ಯುಯೇಟರ್‌ಗೂ, ಅಲ್ಲಿಂದ ಸ್ಪೀಕರ್‌ಗೂ ಸ್ಪೀಕರ್ ಕೇಬಲನ್ನೇ ಹಾಕಿ. ಗಿಟಾರ್ ಕೇಬಲ್ ನೋಡಲು ಒಂದೇ ಥರ ಇದ್ದರೂ ಒಳಗಿನ ತಂತಿ ತೆಳು, ಬಿಸಿಯಾಗಿ ಕಡಿದರೆ ಮತ್ತೆ ಲೋಡ್ ಇಲ್ಲದ ಆಂಪೇ.

ನನ್ನದರಂಥ ಚಿಕ್ಕ ಡಬ್ಬಿ ಈಗಾಗಲೇ ನಿಮ್ಮ ಹತ್ತಿರ ಇದ್ದರೆ ಇವತ್ತೇ ಕೇಬಲ್‌ಗಳನ್ನು ಕಿತ್ತು, ತಣ್ಣಗಾದ ಮೇಲೆ ಮುಚ್ಚಳ ಬಿಚ್ಚಿ ನೋಡಿ. ರೆಸಿಸ್ಟರ್ ಯಾವುದಕ್ಕೆ ಬಿಗಿದಿದೆ, ಸುತ್ತ ಬಣ್ಣ ಕಂದಿದೆಯಾ ಅಂತ ಕಣ್ಣಿಗೇ ಕಾಣುತ್ತದೆ. ಆಂಪನ್ನು ಮಾತ್ರ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.