ನ್ಯಾನೊ ಕಂಪನಿಗೆ ಯಾವುದು: ಉದ್ಯಮ ಸಂಘವೋ, ಐಎಸ್‌ಒ ಸಮಿತಿಯೋ?

ಯುರೋಪಿನಲ್ಲಿ ನ್ಯಾನೊ ವಸ್ತು (ಅತಿ ಸೂಕ್ಷ್ಮ ಕಣಗಳ ವಸ್ತು) ಮಾರುವ ಸಣ್ಣ ಕಂಪನಿ ಎರಡರಲ್ಲೂ ಕೂರೋದು ಕಷ್ಟ. 2005ರಲ್ಲಿ ಶುರುವಾದ ನ್ಯಾನೊಟೆಕ್ನಾಲಜಿ ಇಂಡಸ್ಟ್ರೀಸ್ ಅಸೋಸಿಯೇಷನ್ ಎಂಬ ಉದ್ಯಮ ಸಂಘ ಒಂದು ಕಡೆ, ಅದೇ ವರ್ಷ ಹುಟ್ಟಿದ ಐಎಸ್‌ಒ ಟಿಸಿ 229, ಅಂದರೆ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ನ್ಯಾನೊ ತಂತ್ರಜ್ಞಾನ ಸಮಿತಿ, ಇನ್ನೊಂದು ಕಡೆ.

ಸಮಿತಿಗೆ ನಿಮ್ಮ ದೇಶದ ಮಾನಕ ಸಂಸ್ಥೆಯ ಮೂಲಕವೇ ಹೋಗಬೇಕು. ಕೆಲಸ ನಿಧಾನ. ಕಣದ ಗಾತ್ರ ಅಳೆಯೋದು ಹೇಗೆ, ಯಾವ ಪದಕ್ಕೆ ಏನರ್ಥ ಅಂತ ಸಾಲು ಸಾಲಿಗೂ ಚರ್ಚೆ, ಆದರೆ ಕೊನೆಗೆ ಬರೆದದ್ದು ಎಲ್ಲ ದೇಶದ ಲ್ಯಾಬ್‌ಗಳಿಗೂ ಬಳಕೆಗೆ ಬರುತ್ತದೆ.

ಸಂಘ ನಿಯಮ ಮಾಡುವವರ ಜೊತೆ ಮಾತಾಡುತ್ತದೆ. ಅದು ಉದ್ಯಮದ ದನಿ ಅಲ್ವಾ, ಸುರಕ್ಷತೆಗೆ ಅದೊಂದೇ ಮಾತು ಸಾಲದು. ಆದರೂ ಅದರ ನೆರವು ಬೇಕಾಗಬಹುದು: 2020ರ ಜನವರಿಯಿಂದ ಯುರೋಪಿನ ರಾಸಾಯನಿಕ ಕಾನೂನಾದ ರೀಚ್ ನ್ಯಾನೊ ರೂಪಗಳ ಗಾತ್ರ, ಆಕಾರ, ಮೇಲ್ಮೈ ವಿವರ ಕೇಳುತ್ತಿದೆ. ಆ ವಿವರಗಳ ಫೈಲೇ ತಲೆನೋವಾಗಿದ್ದರೆ ಸಂಘ ಸೇರಿ. ಅಳತೆಯ ಬಗ್ಗೆಯೇ ಗ್ರಾಹಕರ ಜೊತೆ ಜಗಳ ಜಾಸ್ತಿ ಇದ್ದರೆ ಸಮಿತಿಗೆ ಹೋಗಿ.