ಕಪ್ಪಾದರೆ ಇ. ಕೋಲೈ ಅಂತಲ್ಲ: ನೀರು ತಪಾಸಣೆಯ ಎಚ್‌2ಎಸ್ ಬಾಟಲಿ

ನಳಕ್ಕೆ ದಿನಾ ನೀರು ಬಾರದ ಹುಬ್ಬಳ್ಳಿಯ ಓಣಿಗಳಲ್ಲಿ ಸಂಪು, ಬ್ಯಾರಲ್‌ಗಳಲ್ಲಿ ತುಂಬಿಟ್ಟ ನೀರೇ ಗತಿ. ಅದನ್ನು ಮನೆಯಲ್ಲೇ ನೋಡಿಕೊಳ್ಳಲು ಮಲದ ಕೊಳೆ ಸೇರಿದ ನೀರು ತುಂಬಿಟ್ಟರೆ ಕಪ್ಪಾಗುವ ಈ ಸಣ್ಣ ಬಾಟಲಿ ಅಗ್ಗದ ದಾರಿ. ಆದರೆ ಅಂಗಡಿಯವರು ‘ಇ. ಕೋಲೈ ಟೆಸ್ಟ್’ (ಇ. ಕೋಲೈ ಎಂದರೆ ನೀರಿಗೆ ಮಲ ಸೇರಿದ್ದನ್ನು ತೋರಿಸುವ ಕರುಳಿನ ಬ್ಯಾಕ್ಟೀರಿಯಾ) ಎಂದು ಕೊಟ್ಟರೆ ನಂಬಬೇಡಿ.

ಒಳಗಿರುವ ಗಂಧಕದ ಲವಣವಾದ ಥಯೋಸಲ್ಫೇಟ್‌ನಿಂದ ಕೆಲವು ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಅನಿಲ, ಅಂದರೆ ಎಚ್2ಎಸ್, ಹುಟ್ಟಿಸುತ್ತವೆ. ಅದು ಕಬ್ಬಿಣದ ಲವಣದೊಂದಿಗೆ ಸೇರಿ ನೀರು ಕಪ್ಪಾಗುತ್ತದೆ. ಈ ಕೆಲಸ ಸಿಟ್ರೋಬ್ಯಾಕ್ಟರ್, ಸಾಲ್ಮೊನೆಲ್ಲಾ, ಪ್ರೋಟಿಯಸ್, ಕ್ಲಾಸ್ಟ್ರಿಡಿಯಂಗಳದ್ದು, ಇ. ಕೋಲೈ ಸಾಮಾನ್ಯವಾಗಿ ಇದನ್ನು ಮಾಡುವುದೇ ಇಲ್ಲ. ಮಲದ ನೀರು ಸೇರಿದಲ್ಲಿ ಇವೆಲ್ಲ ಒಟ್ಟಿಗೇ ಬರುತ್ತವೆ ಎಂಬ ಲೆಕ್ಕದ ಮೇಲೆ ಪರೀಕ್ಷೆ ನಿಂತಿದೆ.

ನಳವನ್ನು ಎರಡು ನಿಮಿಷ ಹರಿಯಬಿಟ್ಟು, ಮುಚ್ಚಳದ ಒಳಗೆ ಬೆರಳು ತಾಗಿಸದೆ ಗೆರೆಯವರೆಗೆ, ಬಹುತೇಕ ಬಾಟಲಿಗಳಲ್ಲಿ 20 ಮಿಲಿ, ತುಂಬಬೇಕು. 30ರಿಂದ 37 ಡಿಗ್ರಿಯಲ್ಲಿ 24ರಿಂದ 48 ತಾಸು ಇಡಬೇಕು. ಧಾರವಾಡದ ಡಿಸೆಂಬರ್ ಥಂಡಿಯಲ್ಲಿ ಕಿಟಕಿ ಪಕ್ಕ ಇಟ್ಟರೆ ಬೆಳವಣಿಗೆ ನಿಧಾನವಾಗಿ, ಕೆಟ್ಟ ನೀರೂ ಪಾಸಾಗಿಬಿಡುತ್ತದೆ. ಬಟ್ಟೆ ಸುತ್ತಿ ಬೆಚ್ಚಗಿನ ಮೂಲೆಯಲ್ಲಿಡಿ. ಒಲೆ ಹತ್ತಿರ ಬೇಡ. ತುಂಬಿದ ಕೆಲವೇ ನಿಮಿಷದಲ್ಲಿ ಕಪ್ಪಾದರೆ ಅದು ಬ್ಯಾಕ್ಟೀರಿಯಾ ಅಲ್ಲ, ಕೊಳೆತ ಮೊಟ್ಟೆ ವಾಸನೆಯ ಬೋರ್‌ವೆಲ್ ನೀರಿನಲ್ಲಿ ಮೊದಲೇ ಇದ್ದ ಸಲ್ಫೈಡ್.

ದೊಡ್ಡ ಕೊರತೆ ಅಳತೆಯದು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ 100 ಮಿಲಿ ಕುಡಿಯುವ ನೀರಿನಲ್ಲಿ ಇ. ಕೋಲೈ ಒಂದೂ ಸಿಗಬಾರದು. 100 ಮಿಲಿಗೆ ಎರಡೇ ಜೀವಿ ಇದ್ದರೆ, ತೆಗೆದ 20 ಮಿಲಿಗೆ ಒಂದೂ ಬಾರದಿರುವ ಸಾಧ್ಯತೆ ಶೇ 64. ಹಾಗಾಗಿ ಕಪ್ಪಾಗದ್ದನ್ನು ಶುದ್ಧ ನೀರಿನ ಸರ್ಟಿಫಿಕೇಟ್ ಎಂದುಕೊಳ್ಳಬಾರದು.

ಯಾವ ಜಾತಿ ಎಂದು ತಿಳಿಯಬೇಕಿದ್ದರೆ ಲ್ಯಾಬಿಗೆ 100 ಮಿಲಿ ಕೊಡಿ, ‘ಟೋಟಲ್ ಕೋಲಿಫಾರ್ಮ್’ ಅಷ್ಟೇ ಸಾಲದು, ಇ. ಕೋಲೈ ಬೇರೆಯಾಗಿ ಬರೆದುಕೊಡಿ ಎನ್ನಿ. ಕೋಲಿಫಾರ್ಮ್ ಎಂದರೆ ಇ. ಕೋಲೈ ಸೇರಿದ ದೊಡ್ಡ ಬ್ಯಾಕ್ಟೀರಿಯಾ ಗುಂಪು, ಅದರ ಕೆಲವು ಮಣ್ಣು, ಗಿಡಗಳಲ್ಲೂ ಇರುತ್ತವೆ. ಮಲದ ಕೋಲಿಫಾರ್ಮ್ ಬೇರ್ಪಡಿಸಲು ಲ್ಯಾಬಿನಲ್ಲಿ ಬಳಸುವ 44.5 ಡಿಗ್ರಿಯಲ್ಲಿ ಬೆಳೆದವನ್ನೂ ಪೂರ್ತಿ ನಂಬುವಂತಿಲ್ಲ, ಮಲದ ಹೊರಗೂ ಸಿಗುವ ಕ್ಲೆಬ್ಸಿಯೆಲ್ಲಾ ಆ ಕಾವಿನಲ್ಲೂ ಬೆಳೆಯುತ್ತದೆ. ಎಂಯುಜಿ ಎಂಬ ರಾಸಾಯನಿಕ ಹಾಕಿದ, ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮದಲ್ಲಿ ಇ. ಕೋಲೈ ಇದ್ದರೆ ಯುವಿ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. ಹೊಳಪಿಲ್ಲದೆ ಹಳದಿ ಬಣ್ಣ ಮಾತ್ರ ಬಂದರೆ ಅದು ಉಳಿದ ಕೋಲಿಫಾರ್ಮ್. ಕ್ಲಾಸ್ಟ್ರಿಡಿಯಂ ಬೀಜಕಗಳು ಕ್ಲೋರಿನ್‌ಗೂ ಜಗ್ಗುವುದಿಲ್ಲ. ಅವಷ್ಟೇ ಸಿಕ್ಕರೆ ಹಳೆಯ ಕೊಳೆಯ ಗುಮಾನಿ.

ಮಳೆಗಾಲದ ಮೊದಲ ತಪಾಸಣೆಗೆ ಈ ಬಾಟಲಿಗೆ ನನ್ನದು ಐದರಲ್ಲಿ ಮೂರೂವರೆ ಅಂಕ. ಕೊಳ್ಳುವಾಗ ಅವಧಿ ನೋಡಿ. ಕಪ್ಪಾದ ಬಾಟಲಿಯನ್ನು ಮೂಸಬೇಡಿ; ಬ್ಲೀಚಿಂಗ್ ಪುಡಿಯ ನೀರು ಸುರಿದು ಒಂದು ತಾಸು ಬಿಟ್ಟು ಪಾಯಖಾನೆಗೆ ಚೆಲ್ಲಿ.