ಹೆಬ್ಬೆರಳ ಬುಡದ ಗಂಟಿಗೆ ಕೊಂಡ ಮೂರು ಸಾಧನಗಳು, ಹೊಲಿಸಿದ ಒಂದು ಜೋಡಿ ಚಪ್ಪಲಿ

ಮೈಸೂರಿನ ಪ್ರೌಢಶಾಲೆಯೊಂದರಲ್ಲಿ 22 ವರ್ಷಗಳಿಂದ ಗಣಿತ ಪಾಠ ಮಾಡುತ್ತಿರುವ ನಾನು ದಿನಕ್ಕೆ ಐದಾರು ಗಂಟೆ ನಿಂತೇ ಇರುತ್ತೇನೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಗಂಟೊಂದು ಎದ್ದು, ಬೆರಳು ವರ್ಷದಿಂದ ವರ್ಷಕ್ಕೆ ಪಕ್ಕದ ಬೆರಳಿನ ಕಡೆಗೆ ವಾಲುತ್ತಾ ಬಂದು, ಕಳೆದ ವರ್ಷದ ಹೊತ್ತಿಗೆ ಕಾಲುಂಗುರಕ್ಕೆ ಒತ್ತಿಕೊಂಡು ಚರ್ಮ ಸುಲಿಯತೊಡಗಿತು. ಮದುವೆಯಾದಂದಿನಿಂದ ತೆಗೆಯದಿದ್ದ ಕಾಲುಂಗುರವನ್ನು ಸೋಪಿನ ನೀರು ಹಚ್ಚಿ ಬಿಚ್ಚಿಟ್ಟ ದಿನ ನನಗೆ ನಿಜವಾಗಿಯೂ ದುಃಖವಾಯಿತು. ನನ್ನ ತಾಯಿಯ ಪಾದವೂ ಹೀಗೆಯೇ ಇತ್ತು. ಅವರು ಅದನ್ನು ವಯಸ್ಸಿನ ನೋವೆಂದು ಸಹಿಸಿಕೊಂಡೇ ಇದ್ದರು. ಅದೇ ನೋವಿನಲ್ಲಿರುವವರಿಗೆ ಉಪಯೋಗವಾಗಲೆಂದು ಒಂದು ವರ್ಷದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಧನ್ವಂತರಿ ರಸ್ತೆಯ ಕಡೆಗೆ ಹೋಗಿ ಸರ್ಜಿಕಲ್ ಸಾಮಗ್ರಿ ಮಾರುವ ಅಂಗಡಿಯಲ್ಲಿ ಮೂರು ವಸ್ತುಗಳನ್ನು ಕೊಂಡೆ. ಬೆರಳುಗಳ ನಡುವೆ ಇಡುವ ಸಿಲಿಕಾನ್ ತುಂಡು ಅವುಗಳಲ್ಲಿ ಉತ್ತಮವಾದದ್ದು: ಬೆರಳುಗಳು ಒಂದಕ್ಕೊಂದು ಉಜ್ಜುವುದು ತಪ್ಪಿತು, ಸುಲಿದ ಚರ್ಮ ವಾಸಿಯಾಯಿತು. ಆದರೆ ಇಕ್ಕಟ್ಟಾದ ಶೂ ಒಳಗೆ ಅದನ್ನು ಇಟ್ಟುಕೊಂಡರೆ ಇರುವ ಜಾಗವನ್ನೂ ಅದೇ ತಿಂದು, ಗಂಟಿನ ಮೇಲೆ ಒತ್ತಡ ಇನ್ನಷ್ಟು ಹೆಚ್ಚುತ್ತದೆ. ಮೊದಲ ವಾರ ನಾನು ಮಾಡಿದ ತಪ್ಪು ಅದೇ. ಗಂಟಿನ ಮೇಲೆ ತೊಡುವ ಜೆಲ್ ಪಟ್ಟಿ ಪರವಾಗಿಲ್ಲ. ರಾತ್ರಿ ಕಟ್ಟಿಕೊಂಡು ಮಲಗುವ ಸ್ಪ್ಲಿಂಟ್ ಬಗ್ಗೆ ಮಾತ್ರ ನನಗೆ ಅಸಮಾಧಾನವಿದೆ. ಆರು ತಿಂಗಳಲ್ಲಿ ಬೆರಳು ನೇರವಾಗುತ್ತದೆ ಎಂದು ಅಂಗಡಿಯವರು ಖಚಿತವಾಗಿ ಹೇಳಿದ್ದರು. ನಾಲ್ಕು ತಿಂಗಳು ತಪ್ಪದೆ ಕಟ್ಟಿಕೊಂಡೆ. ಕಟ್ಟಿರುವಷ್ಟು ಹೊತ್ತು ಹಾಯೆನಿಸುತ್ತಿತ್ತು, ಬೆಳಿಗ್ಗೆ ಬಿಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಬೆರಳು ಮೊದಲಿನ ಜಾಗಕ್ಕೇ ವಾಲುತ್ತಿತ್ತು.

ಅದು ಏಕೆಂದು ತಿಳಿದದ್ದು ಮೂಳೆ ವೈದ್ಯರ ಬಳಿಗೆ ಹೋದಾಗ. ಇಂಗ್ಲಿಷಿನಲ್ಲಿ ಬನ್ಯನ್ ಎಂದೂ ವೈದ್ಯರ ಭಾಷೆಯಲ್ಲಿ ಹ್ಯಾಲಕ್ಸ್ ವ್ಯಾಲ್ಗಸ್ ಎಂದೂ ಕರೆಯುವ ಈ ತೊಂದರೆಯಲ್ಲಿ ನಮಗೆ ಕಾಣುವ ಗಂಟು ಹೊಸದಾಗಿ ಬೆಳೆದ ಮೂಳೆಯಲ್ಲ. ಪಾದದ ಮೊದಲನೆಯ ಉದ್ದ ಮೂಳೆ ಒಂದು ಬದಿಗೂ ಹೆಬ್ಬೆರಳು ಇನ್ನೊಂದು ಬದಿಗೂ ಸರಿದು, ಅವೆರಡೂ ಸೇರುವ ಕೀಲು ಹೊರಕ್ಕೆ ಚಾಚಿಕೊಂಡಿರುತ್ತದೆ. ಎಕ್ಸ್‌ರೇಯನ್ನು ಪಾದದ ಮೇಲೆ ಭಾರ ಬಿಟ್ಟು ನಿಲ್ಲಿಸಿಯೇ ತೆಗೆದರು. ಅವೆರಡು ಮೂಳೆಗಳ ನಡುವಿನ ಕೋನ 15 ಡಿಗ್ರಿ ಮೀರಿದರೆ ಅದನ್ನು ತೊಂದರೆಯೆಂದು ಪರಿಗಣಿಸುತ್ತಾರೆ, 40 ದಾಟಿದರೆ ತೀವ್ರವೆನ್ನುತ್ತಾರೆ. ನನ್ನದು 26 ಇತ್ತು. ಪಟ್ಟಿ, ತುಂಡು, ಸ್ಪ್ಲಿಂಟ್ ಇವೆಲ್ಲ ನೋವನ್ನು ತಗ್ಗಿಸಬಲ್ಲವೇ ಹೊರತು ಬೆಳೆದವರ ಪಾದದಲ್ಲಿ ಸರಿದ ಮೂಳೆಯನ್ನು ಸ್ವಸ್ಥಾನಕ್ಕೆ ತರಲಾರವು. ಅದು ಆಗುವುದು ಶಸ್ತ್ರಚಿಕಿತ್ಸೆಯಿಂದ: ಮೂಳೆಯನ್ನು ಕತ್ತರಿಸಿ, ಸರಿಸಿ, ಸ್ಕ್ರೂ ಹಾಕಿ ಕೂರಿಸುತ್ತಾರೆ. ಬಳಿಕ ಸುಮಾರು ಆರು ವಾರ ಗಟ್ಟಿ ಅಟ್ಟೆಯ ವಿಶೇಷ ಪಾದರಕ್ಷೆ ಬೇಕು, ಊತ ಪೂರ್ತಿ ಇಳಿಯಲು ಹಲವು ತಿಂಗಳು ಹಿಡಿಯುತ್ತದೆ, ಕೆಲವರಿಗೆ ಬೆರಳು ಮತ್ತೆ ವಾಲುವುದೂ ಉಂಟು. ಆದ್ದರಿಂದ ಅಂದಕ್ಕಾಗಿ ಅದನ್ನು ಮಾಡಿಸುವುದು ಸರಿಯಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. "ಮೊದಲು ಚಪ್ಪಲಿ ಬದಲಾಯಿಸಿ ನೋಡಿ ಮೇಡಂ. ಆಮೇಲೂ ನಡೆಯಲು ಕಷ್ಟವಾದರೆ ಆಪರೇಷನ್ ಬಗ್ಗೆ ಮಾತಾಡೋಣ" ಎಂದರು.

ಸಿದ್ಧ ಅಳತೆಯ ಚಪ್ಪಲಿಗಳಲ್ಲಿ ಉದ್ದ ಸರಿಹೋದರೆ ಅಗಲ ಸಾಲುತ್ತಿರಲಿಲ್ಲ. ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಶಿವರಾಂಪೇಟೆಯಲ್ಲಿ ಅಳತೆ ತೆಗೆದು ಚಪ್ಪಲಿ ಹೊಲಿಯುವ ಒಬ್ಬ ಹಿರಿಯರ ಬಳಿಗೆ ಹೋದೆ. ಬೆಳಿಗ್ಗೆ ಹೋದವಳನ್ನು ಅವರು ಸಂಜೆ ಬರಲು ಹೇಳಿ ಕಳಿಸಿದರು. ದಿನವಿಡೀ ನಿಂತ ಪಾದ ಸಂಜೆಗೆ ತುಸು ಊದಿಕೊಂಡಿರುವುದರಿಂದ ಆಗ ತೆಗೆದ ಅಳತೆಯೇ ಸರಿ ಎಂಬುದು ಅವರ ಲೆಕ್ಕ. ನೆಲದ ಮೇಲೆ ಹಾಳೆ ಹಾಸಿ, ನಾನು ಕುರ್ಚಿಯಲ್ಲಿ ಕುಳಿತು ಕಾಲು ಚಾಚಿದಾಗ, "ಎದ್ದು ನಿಂತ್ಕೊಳ್ಳಮ್ಮ, ಕೂತ್ರೆ ಪಾದ ಸುಳ್ಳು ಹೇಳುತ್ತೆ" ಎಂದರು. ಎಕ್ಸ್‌ರೇ ಕೋಣೆಯಲ್ಲಿ ನನ್ನನ್ನು ನಿಲ್ಲಿಸಿದ ಕಾರಣವೂ ಇದೇ ಎಂದು ಆಗ ಹೊಳೆದು, ಅವರ ಮೇಲಿನ ಗೌರವ ಇಮ್ಮಡಿಯಾಯಿತು. ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದರು. ಗಂಟಿನ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ ಅಲ್ಲೊಂದು ಚಿಕ್ಕ ವೃತ್ತ ಬರೆದರು. ಆ ವೃತ್ತದ ಮೇಲೆ ಹೊಲಿಗೆಯಾಗಲಿ ಪಟ್ಟಿಯ ಅಂಚಾಗಲಿ ಬರಬಾರದೆಂಬ ಗುರುತು ಅದು.

ಎಂ.ಸಿ.ಆರ್. ಎಂದು ಕರೆಯುವ, ಒಳಗೆ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರಿನ ಅಟ್ಟೆ, ತಗ್ಗಾದ ಹಿಮ್ಮಡಿ, ಮುಂಭಾಗದಲ್ಲಿ ಬೆರಳುಗಳು ಹರಡಿಕೊಳ್ಳುವಷ್ಟು ಅಗಲ, ಬೇಕಾದಂತೆ ಬಿಗಿ ಮಾಡಿಕೊಳ್ಳಬಹುದಾದ ವೆಲ್ಕ್ರೋ ಪಟ್ಟಿ. ಬೆಲೆ 1,400 ರೂಪಾಯಿ. ಹತ್ತು ದಿನವೆಂದು ಹೇಳಿ ಮೂರು ವಾರ ಮಾಡಿದರು. ಬಣ್ಣ ಕಪ್ಪು ಅಥವಾ ಕಂದು ಮಾತ್ರ. ಮದುವೆಮನೆಗೆ ಹಾಕಿಕೊಂಡು ಹೋಗುವಷ್ಟು ಅಂದವಾಗಿಲ್ಲ. ಆದರೆ ಎರಡನೆಯ ವಾರದಿಂದಲೇ ಕೊನೆಯ ಪೀರಿಯಡ್ ಮುಗಿಯುವವರೆಗೂ ನಿಲ್ಲಲು ಸಾಧ್ಯವಾಯಿತು, ಬಿಟ್ಟುಹೋಗಿದ್ದ ಕುಕ್ಕರಹಳ್ಳಿ ಕೆರೆಯ ಸುತ್ತಿನ ನಡಿಗೆ ಮತ್ತೆ ಶುರುವಾಯಿತು. ಗಂಟು ಹಾಗೆಯೇ ಇದೆ. ಅದರ ಕೆಂಪು ಮತ್ತು ಉರಿ ಹೋಗಿವೆ. ಶಸ್ತ್ರಚಿಕಿತ್ಸೆಯ ಮಾತು ಸದ್ಯಕ್ಕೆ ನಿಂತಿದೆ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು: ಪಾದದ ಸ್ಪರ್ಶ ಕುಂದಿದ್ದರೆ ಸಿಲಿಕಾನ್ ತುಂಡು ಒತ್ತಿ ಹುಣ್ಣಾದದ್ದೂ ತಿಳಿಯುವುದಿಲ್ಲ, ಆದ್ದರಿಂದ ವೈದ್ಯರಿಗೆ ತೋರಿಸದೆ ಇವುಗಳಲ್ಲಿ ಯಾವುದನ್ನೂ ಕೊಳ್ಳಬೇಡಿ.

ಕಳೆದ ವಾರ ಎರಡನೆಯ ಜೋಡಿಗಾಗಿ ಹೋಗಿದ್ದೆ. ಹಳೆಯ ಹಾಳೆ ಅವರ ಬಳಿ ಜೋಪಾನವಾಗಿತ್ತು. ಆದರೂ ಅವರು ಅದನ್ನು ಪಕ್ಕಕ್ಕಿಟ್ಟು, ಹೊಸ ಹಾಳೆ ಹಾಸಿ, ಮತ್ತೆ ನಿಂತುಕೊಳ್ಳಲು ಹೇಳಿದರು.